ನಾಲ್ವರ ಮನೆ, ಒಬ್ಬಳ ಸಹಿ

ನರ್ಸಿಂಗ್ ಮುಗಿಸಿ ಗಲ್ಫ್ ಕಡೆ ಹೊರಟ ಹುಡುಗಿಯರು ಈಗಲೂ ಮರಳವಾಡಿಯ ನಮ್ಮ ಮನೆಗೆ ಬರುತ್ತಾರೆ. ಜಯಮ್ಮ ಬಹಳ ವರ್ಷ ಶಾರ್ಜಾದಲ್ಲಿದ್ದು ಬಂದವರು, ಒಂದು ಮಾತು ಕೇಳಿ ನೋಡು ಎಂದು ಯಾರೋ ಕಳಿಸಿರುತ್ತಾರೆ. ಬಂದವರು ಸಂಬಳ ಎಷ್ಟು ಎಂದು ಕೇಳುತ್ತಾರೆ, ಪರೀಕ್ಷೆ ಕಷ್ಟವೇ ಎಂದು ಕೇಳುತ್ತಾರೆ, ಅಲ್ಲಿನ ಡಾಕ್ಟರುಗಳು ತುಂಬ ಬೈಯುತ್ತಾರಾ ಎಂದು ಕೇಳುತ್ತಾರೆ. ಎಲ್ಲಿ ಮಲಗಬೇಕು, ಯಾರ ಜೊತೆ ಇರಬೇಕು, ಮನೆಯ ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು ಎಂದು ಇಲ್ಲಿಯವರೆಗೆ ಒಬ್ಬಳೂ ಕೇಳಿಲ್ಲ. ಹೋಗುವ ಮುಂಚೆ ನಾನೂ ಕೇಳಿರಲಿಲ್ಲ. ನನ್ನ ನೌಕರಿಯ ಅರ್ಧ ಪಾಠವನ್ನು ನಾನು ಕಲಿತದ್ದು ಆಸ್ಪತ್ರೆಯಲ್ಲಲ್ಲ, ಮೂರು ಹೆಂಗಸರ ಜೊತೆ ಹಂಚಿಕೊಂಡ ಒಂದು ಬಾಡಿಗೆ ಮನೆಯಲ್ಲಿ. ಅದನ್ನು ಇಲ್ಲಿ ಬರೆದಿಡುತ್ತೇನೆ.

ನಮ್ಮದು ಕುರಿ ಸಾಕಿಕೊಂಡು ರಾಗಿ, ಅವರೆ ಬೆಳೆಯುವ ಮನೆ. ನಾನು ಕನಕಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಕಲಿತೆ. ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆಗಳು ಎದ್ದು ನಿಂತ ಕಾಲದಲ್ಲಿ, ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯವರು ತಮ್ಮ ಪ್ರಥಮ ಚಿಕಿತ್ಸೆಯ ಕೋಣೆಗೆ ನರ್ಸ್ ಬೇಕೆಂದರು. ಸೇರಿಕೊಂಡೆ. ನಿನ್ನೆಯವರೆಗೆ ಹೊಲದಲ್ಲಿ ಕುಡುಗೋಲು ಹಿಡಿದಿದ್ದ ಹುಡುಗರು ಅಲ್ಲಿ ಪ್ರೆಸ್ ಯಂತ್ರದ ಮುಂದೆ ನಿಂತಿರುತ್ತಿದ್ದರು. ಬೆರಳಿನ ಗಾಯ ಇಲ್ಲದ ವಾರವಿರಲಿಲ್ಲ.

ಅಲ್ಲಿಗೆ ಬಂದುಹೋಗುತ್ತಿದ್ದ ರಂಗಸ್ವಾಮಿ ಡಾಕ್ಟರು ನನ್ನ ಮೊದಲ ಗುರು. ಒಮ್ಮೆ ಒಬ್ಬನ ಬೆರಳಿನ ತುದಿ ತುಂಡಾಯಿತು. ಸೂಪರ್‌ವೈಸರ್ ಅದನ್ನು ಊಟದ ಡಬ್ಬಿಗೆ ಹಾಕಿ, ಮೇಲೆ ಐಸ್ ಸುರಿದು, ಓಡೋಡಿ ತಂದ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ. ಬೆಂಗಳೂರಿಗೆ ಒಯ್ದರೂ ಆ ಬೆರಳು ಕೂಡಲಿಲ್ಲ. ಡಾಕ್ಟರು ಯಾರನ್ನೂ ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ಬೆರಳಿಗೆ ನೇರವಾಗಿ ಐಸ್ ತಗಲಬಾರದು ಜಯಮ್ಮ. ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ ಕಟ್ಟಿ, ಆ ಕವರನ್ನ ಐಸಿನ ಮೇಲೆ ಇಡಬೇಕು. ಇದನ್ನ ನೀನು ಕಲಿತರೆ ಸಾಲದು, ಯಂತ್ರದ ಪಕ್ಕ ಇರೋರಿಗೆ ಕಲಿಸು” ಅಂದರು. ಪ್ರತಿ ಪಾಳಿಯವರಿಗೂ ಕಲಿಸಿದೆ. ಮುಂದಿನ ವರ್ಷ ಇನ್ನೊಬ್ಬನ ಬೆರಳು ಉಳಿಯಿತು. ಗಾಯವಾದ ಜಾಗಕ್ಕೆ ಹೋಗಿ ನೋಡು, ಗಾಯವನ್ನಷ್ಟೇ ನೋಡಬೇಡ ಎನ್ನುವುದು ಅವರ ರೀತಿ. ಅದರ ಬೆಲೆ ನನಗೆ ಗೊತ್ತಾದದ್ದು ಬಹಳ ದೂರ ಹೋದ ಮೇಲೆ.

ಶಾರ್ಜಾದ ಒಂದು ಕಬ್ಬಿಣದ ಕಾರ್ಖಾನೆಯ ಕ್ಲಿನಿಕ್ಕಿಗೆ ಯಂತ್ರದ ಗಾಯ ನೋಡಿ ಅಭ್ಯಾಸವಿರುವ ನರ್ಸ್ ಬೇಕು ಎಂದು ರಂಗಸ್ವಾಮಿ ಡಾಕ್ಟರ ಸ್ನೇಹಿತರೊಬ್ಬರು ಫೋನ್ ಮಾಡಿದಾಗ ಅವರು ನನ್ನ ಹೆಸರು ಹೇಳಿದರು. ಎರಡು ಸಾವಿರದ ಐದರ ಸುಮಾರು. ನನಗೆ ನಲವತ್ತು ದಾಟಿತ್ತು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು. ಯಜಮಾನರು ನಿಂಗರಾಜು, ಹಳ್ಳಿಗಳಿಂದ ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹಾಕುವ ಟೆಂಪೋ ಓಡಿಸುತ್ತಿದ್ದರು. ನಮ್ಮತ್ತೆ, “ಹೆಂಗಸ್ರು ದೇಶ ಬುಟ್ಟು ಹೋಗದುಂಟಾ? ಮಕ್ಳ ಗತಿಯೇನು?” ಎಂದು ಕಣ್ಣೀರು ಹಾಕಿದರು. ಅವರ ಮಗ ಊಟದ ತಟ್ಟೆಯಿಂದ ತಲೆಯೆತ್ತದೆ, “ಮಕ್ಳು ಇವಳೊಬ್ಳಿಗೇ ಹುಟ್ಟವಾ ಅವ್ವಾ? ನಾನಿಲ್ವಾ? ಹೋಗ್ಬುಟ್ಟು ಬರ್ಲಿ ಬುಡು” ಅಂದರು. ಆ ಮೇಲೆ ನಮ್ಮ ಮನೆಯಲ್ಲಿ ಆ ಪ್ರಶ್ನೆ ಏಳಲಿಲ್ಲ. ಮಕ್ಕಳಿಗೆ ಜಡೆ ಹಾಕುವುದನ್ನೂ ಅವರು ಕಲಿತರು.

ಕಂಪನಿಯವರು ಇರುವ ಜಾಗ ಕೊಡುತ್ತಾರೆ ಎಂದುಕೊಂಡು ಹೋಗಿದ್ದೆ. ಅವರು ಕೊಟ್ಟದ್ದು ಮನೆಭತ್ಯೆ. ಮನೆ ನಾವೇ ಹುಡುಕಿಕೊಳ್ಳಬೇಕು. ಮೊದಲಿಗೆ ನನಗೆ ಸಿಕ್ಕಿದ್ದು ಒಂದು ಮಂಚ. ಅಲ್ಲಿ ಅದನ್ನು ಬೆಡ್ ಸ್ಪೇಸ್ ಎನ್ನುತ್ತಾರೆ. ಒಂದೇ ಕೋಣೆಯಲ್ಲಿ ಸಾಲಾಗಿ ಮಂಚಗಳು, ಮಂಚಕ್ಕೊಂದು ಪರದೆ, ಆ ಪರದೆಯೊಳಗಿನ ಜಾಗಕ್ಕೆ ತಿಂಗಳ ಬಾಡಿಗೆ. ಅಡುಗೆ ಮಾಡುವಂತಿಲ್ಲ. ಹೋಟೆಲಿನ ಊಟಕ್ಕೆ ಕೊಟ್ಟು ಕೊಟ್ಟು, ಅಗ್ಗದ ಮಂಚ ದುಬಾರಿ ಮನೆಗಿಂತ ಹೆಚ್ಚಿಗೆ ಬೀಳುತ್ತದೆ ಎಂದು ಒಂದೇ ತಿಂಗಳಲ್ಲಿ ತಿಳಿಯಿತು.

ಒಂದು ದಿನ ಪಕ್ಕದ ಪರದೆಯಿಂದ ಫೋನಿನ ಮಾತು ಕೇಳಿಸಿತು. “ಒಸಿ ತಡ್ಕಳಮ್ಮಾ, ಸಂಬ್ಳ ಬಿದ್ಮೇಲೆ ಕಳಿಸ್ತೀನಿ. ನಾನ್ ಚೆನ್ನಾಗಿವ್ನಿ ಕಣಮ್ಮಾ.” ನಾನು ಎದ್ದು ಹೋಗಿ ಆ ಪರದೆ ಸರಿಸಿಯೇಬಿಟ್ಟೆ. ಒಬ್ಬ ಹುಡುಗಿ ಬೆಚ್ಚಿ ನೋಡಿದಳು.

“ಯಾವೂರಮ್ಮ ನಿಂದು?” ಅಂದೆ.

“ಚನ್ನಪಟ್ನ.”

“ನಂದು ಮರಳವಾಡಿ ಕಣೇ.”

ಅವಳು ಫೋನು ಇಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. ಹೆಸರು ಫರ್ಹಾನಾ. ಸೂಪರ್ ಮಾರ್ಕೆಟ್ಟಿನಲ್ಲಿ ಕ್ಯಾಷಿಯರ್. ಅವರಪ್ಪ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ಅವತ್ತಿನಿಂದ ನಾನು ಅವಳಿಗೆ ಅಕ್ಕ.

ನಮ್ಮ ಕ್ಲಿನಿಕ್ಕಿನಲ್ಲಿ ನನಗಿಂತ ಹಿರಿಯಳಾದ ಕೇರಳದ ನರ್ಸ್ ಸೂಸಮ್ಮ ಇದ್ದಳು. ಮಾತು ಕಡಿಮೆ, ಮುಖ ಗಂಟು, ಬಳಸಿದ ಟೀ ಸೊಪ್ಪನ್ನು ಇನ್ನೊಮ್ಮೆ ಕುದಿಸುವ ಕೈ. ಅವಳಿಗೂ ಮನೆ ಬೇಕಿತ್ತು. ನಾಲ್ಕನೆಯವಳು ಫಿಲಿಪೀನ್ಸಿನ ಗ್ರೇಸ್, ಬೇರೊಂದು ಖಾಸಗಿ ಕ್ಲಿನಿಕ್ಕಿನಲ್ಲಿ ರಾತ್ರಿ ಪಾಳಿಯ ನರ್ಸ್, ಫರ್ಹಾನಾಳ ಅಂಗಡಿಗೆ ದಿನಾ ಬರುತ್ತಿದ್ದ ಗಿರಾಕಿ. ನಾಲ್ವರೂ ಸೇರಿ ಹಳೆಯ ಕಟ್ಟಡವೊಂದರಲ್ಲಿ ಎರಡು ಕೋಣೆ, ಒಂದು ಹಾಲ್ ಇದ್ದ ಮನೆ ನೋಡಿದೆವು. ಮಾತೆಲ್ಲ ಹರಕು ಇಂಗ್ಲಿಷು, ಹರಕು ಹಿಂದಿ.

ಆ ಊರಿನ ಪದ್ಧತಿಯನ್ನು ಹೊರಡುವ ಹುಡುಗಿಯರು ಚೆನ್ನಾಗಿ ತಿಳಿದುಕೊಳ್ಳಬೇಕು. ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವುದಲ್ಲ. ವರ್ಷದ ಬಾಡಿಗೆಗೆ ಮುಂದಿನ ತಾರೀಖು ಹಾಕಿದ ನಾಲ್ಕು ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಮನೆಯಲ್ಲಿ ಎಷ್ಟೇ ಜನರಿರಲಿ, ಕರಾರಿನಲ್ಲಿ ಹೆಸರು ಒಬ್ಬರದು, ಚೆಕ್ಕಿನಲ್ಲಿ ಸಹಿ ಒಬ್ಬರದು. ಆ ಕಾಲದಲ್ಲಿ ಚೆಕ್ ವಾಪಸಾದರೆ ಪೊಲೀಸ್ ಕೇಸು. ಊರಿಗೆ ಹೋಗಲು ಬಿಡುತ್ತಿರಲಿಲ್ಲ, ಜೈಲಿಗೆ ಹಾಕಿದರೂ ಹಾಕಬಹುದಿತ್ತು.

ಸೂಸಮ್ಮ ಮೊದಲೇ ಹೇಳಿಬಿಟ್ಟಳು, “ಸಹಿ ನಾನು ಹಾಕುವುದಿಲ್ಲ. ನನ್ನ ಅಣ್ಣ ಇಂಥ ಸಹಿ ಹಾಕಿ ಕೆಟ್ಟಿದ್ದಾನೆ.” ಫರ್ಹಾನಾಳಿಗೂ ಗ್ರೇಸಳಿಗೂ ಸಂಬಳ ಸಾಲದೆಂದು ಬ್ಯಾಂಕಿನವರು ಚೆಕ್ ಪುಸ್ತಕ ಕೊಡುತ್ತಿರಲಿಲ್ಲ. ಉಳಿದವಳು ನಾನು. ಕಟ್ಟಡದ ಮಾಲೀಕರ ಕಚೇರಿ ಕೆಳಗಿನ ಮಹಡಿಯಲ್ಲೇ ಇತ್ತು. ಮ್ಯಾನೇಜರ್ ಇದ್ರೀಸ್ ಸಾಹೇಬರು ಸುಡಾನಿನವರು, ಬಿಳಿ ಗಡ್ಡದ ಗಂಭೀರ ಮನುಷ್ಯ. ನಾನು ಸಹಿ ಹಾಕುವಾಗ ಕೈ ಸ್ವಲ್ಪ ತಡೆದದ್ದನ್ನು ನೋಡಿ, “ಸಿಸ್ಟರ್, ಮೂವರ ಮೇಲೂ ನಂಬಿಕೆ ಇದ್ದರೆ ಮಾತ್ರ ಹಾಕಿ” ಅಂದರು. ಪರಿಚಯವಾಗಿ ಎರಡು ತಿಂಗಳೂ ತುಂಬದವರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಮಂಚದ ಬದುಕು ಸಾಕಾಗಿತ್ತು, ಹಾಕಿದೆ.

ಬಾಡಿಗೆಯನ್ನು ನಾಲ್ಕು ಪಾಲು ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆವು. ದಲ್ಲಾಳಿಯ ಕಮಿಷನ್, ಮನೆಯ ಮುಂಗಡ, ಕರೆಂಟು-ನೀರಿನ ಠೇವಣಿ, ಗ್ಯಾಸ್ ಸಿಲಿಂಡರು, ಹಳೆಯ ಫ್ರಿಜ್ಜು, ಕಿಟಕಿಗೆ ಪರದೆ ಇವೆಲ್ಲ ಒಟ್ಟಿಗೆ ಬಂದು ಮೇಲೆ ಬಿದ್ದವು. ಮೊದಲ ತಿಂಗಳು ರಟ್ಟಿನ ಡಬ್ಬಗಳನ್ನು ಬಿಚ್ಚಿ ಹಾಸಿಕೊಂಡು ಮಲಗಿದೆವು, ಮೂರು ಹೊತ್ತೂ ಉಪ್ಪಿಟ್ಟು ತಿಂದೆವು. ಗ್ರೇಸ್ ಉಪ್ಪಿಟ್ಟಿಗೆ ಸಾಸ್ ಹಾಕಿಕೊಂಡು ತಿನ್ನುತ್ತಿದ್ದಳು. ಅದನ್ನು ನೋಡಲಾರದೆ ಫರ್ಹಾನಾ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಕೇಳದಿದ್ದರೂ ಹೊರಡುವವರಿಗೆ ನಾನು ಹೇಳುವುದು ಇಷ್ಟೇ: ಮನೆ ಹಿಡಿಯುವ ದಿನ ಮೊದಲ ಚೆಕ್ಕಿನ ಜೊತೆಗೆ ಹತ್ತಿರ ಹತ್ತಿರ ಇನ್ನೊಂದು ಚೆಕ್ಕಿನಷ್ಟು ಹಣ ಕೈಯಲ್ಲಿರಬೇಕು.

ಬೇಸಿಗೆ ಬಂತು. ಒಂದು ಕೋಣೆ ಗ್ರೇಸ್, ಸೂಸಮ್ಮ ಇಬ್ಬರದು, ಇನ್ನೊಂದು ನನ್ನದು, ಫರ್ಹಾನಾಳದು. ಗ್ರೇಸ್ ರಾತ್ರಿ ದುಡಿದು ಹಗಲು ಮಲಗುವವಳು, ಅವಳ ಕೋಣೆಯಲ್ಲಿ ಹಗಲಿಡೀ ಎಸಿ. ನಾವು ರಾತ್ರಿ ಮಲಗುವವರು, ನಮ್ಮ ಕೋಣೆಯಲ್ಲಿ ರಾತ್ರಿಯಿಡೀ ಎಸಿ. ಕರೆಂಟ್ ಬಿಲ್ ನೋಡಿ ಸೂಸಮ್ಮ ಕೆಂಡವಾದಳು. “ನಾನು ಫ್ಯಾನಿನಲ್ಲಿ ಮಲಗುವವಳು. ಇವಳ ನಿದ್ದೆಗೆ ನಾನೇಕೆ ದುಡ್ಡು ಕೊಡಲಿ?” ಗ್ರೇಸ್, “ಹಗಲು ಈ ಬಿಸಿಲಿನಲ್ಲಿ ನೀನು ಮಲಗಿ ತೋರಿಸು” ಅಂದಳು. ಇಬ್ಬರೂ ಮಾತು ಬಿಟ್ಟರು. ಒಂದೇ ಕೋಣೆ, ಎರಡು ಮಂಚ, ಮಾತಿಲ್ಲ.

ಅದು ಬಗೆಹರಿದದ್ದು ಯಾವ ಲೆಕ್ಕದಿಂದಲೂ ಅಲ್ಲ. ಸೂಸಮ್ಮನೊಬ್ಬಳಿಗೆ ರಜೆಯಿದ್ದ ಒಂದು ದಿನ ಮಧ್ಯಾಹ್ನ ಅವಳು ಹೊಟ್ಟೆನೋವಿನಿಂದ ನೆಲದ ಮೇಲೆ ಬಿದ್ದು ಹೊರಳಾಡಿದಳಂತೆ. ನಾನೂ ಫರ್ಹಾನಾಳೂ ಕೆಲಸದಲ್ಲಿದ್ದೆವು. ನಿದ್ದೆಯಿಂದ ಎದ್ದ ಗ್ರೇಸ್ ಅವಳನ್ನು ಟ್ಯಾಕ್ಸಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದು, ಪಿತ್ತಕೋಶದ ಆಪರೇಷನ್ ಮುಗಿಯುವವರೆಗೆ ಹೊರಗೆ ಕೂತಿದ್ದು, ಅಲ್ಲಿಂದಲೇ ರಾತ್ರಿ ಪಾಳಿಗೆ ಹೋದಳು. ಮನೆಗೆ ಬಂದ ಮೇಲೆ ಸೂಸಮ್ಮ ಗ್ರೇಸಳಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮಾರನೆಯ ವಾರದಿಂದ ಹಗಲು ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದರೆ ನಮಗೆ ಬೈಗುಳ ಶುರುವಾಯಿತು. “ಶ್! ಹುಡುಗಿ ಮಲಗಿದ್ದಾಳೆ.”

ಆಮೇಲೆ ನಾಲ್ವರೂ ಕೂತು ಒಂದು ಕ್ರಮ ಮಾಡಿಕೊಂಡೆವು. ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್, ಕರೆಂಟ್ ಎಲ್ಲರದು. ಸೂಸಮ್ಮನ ಮೀನು, ನನ್ನ ರಾಗಿಹಿಟ್ಟು, ಗ್ರೇಸಳ ಸಾಸ್ ಅವರವರದು. ಬೇಸಿಗೆಯ ಬಿಲ್ಲನ್ನು ಚಳಿಗಾಲದಿಂದಲೇ ಕಟ್ಟುತ್ತ ಬರುವುದು. ಎಂದರೆ ಬಿಲ್ ಕಡಿಮೆ ಬರುವ ತಿಂಗಳಲ್ಲೂ ಒಂದೇ ಪಾಲು ತೆಗೆದು ಹಾಲಿನ ಪುಡಿಯ ಡಬ್ಬಿಗೆ ಹಾಕುವುದು. ಚೆಕ್ಕಿನ ಹಣವನ್ನು ಸಂಬಳ ಬಂದ ದಿನವೇ ನನ್ನ ಖಾತೆಗೆ ಕಟ್ಟುವುದು, ಊರಿಗೆ ಕಳಿಸುವುದು ಆಮೇಲೆ. ಯಾವ ತರಕಾರಿ ಯಾವ ಹೊತ್ತಿನಲ್ಲಿ ಅಗ್ಗವಾಗುತ್ತದೆ ಎಂಬುದು ಫರ್ಹಾನಾಳಿಗೆ ಗೊತ್ತಿತ್ತು, ಸಂತೆ ಅವಳ ಪಾಲಿಗೆ ಬಂತು.

ಈ ಕ್ರಮ ನನ್ನ ಕೆಲಸಕ್ಕೆ ಒದಗಿ ಬಂದದ್ದನ್ನು ಹೇಳಬೇಕು. ನಮ್ಮ ಕ್ಲಿನಿಕ್ಕಿನ ಮುಖ್ಯಸ್ಥೆ ಡಾಕ್ಟರ್ ನಾದಿಯಾ, ಈಜಿಪ್ಟಿನವರು. ಶಿಸ್ತಿನ ಹೆಂಗಸು. ಬ್ಯಾಂಡೇಜಿನ ತುದಿ ಓರೆಯಾದರೆ ಬಿಚ್ಚಿಸಿ ಮತ್ತೆ ಕಟ್ಟಿಸುವವರು. ಒಂದು ವರ್ಷ ಬೇಸಿಗೆಯಲ್ಲಿ ತಲೆಸುತ್ತು ಬಂದು ಬೀಳುವ ಕೆಲಸಗಾರರ ಸಂಖ್ಯೆ ಇದ್ದಕ್ಕಿದ್ದಂತೆ ಹೆಚ್ಚಿತು. ನಾವು ಡ್ರಿಪ್ ಹಾಕುವುದು, ಉಪ್ಪು-ಸಕ್ಕರೆ ನೀರು ಕುಡಿಸುವುದು, ಕಳಿಸುವುದು. ಅದೇ ಮುಖಗಳು ವಾರ ಕಳೆಯುವುದರೊಳಗೆ ವಾಪಸ್. ನಾಟಕ ಮಾಡುತ್ತಿದ್ದಾರೆ ಎಂದು ಮೇಲ್ವಿಚಾರಕರ ದೂರು. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ.

ಒಂದು ದಿನ ವೆಲ್ಡಿಂಗ್ ವಿಭಾಗದವನೊಬ್ಬ ತಲೆಸುತ್ತಿ ತಗಡಿನ ರಾಶಿಯ ಮೇಲೆ ಬಿದ್ದು ಮುಂಗೈ ಸೀಳಿಕೊಂಡು ಬಂದ. ಇನ್ನೊಂದು ಗೇಣು ಪಕ್ಕಕ್ಕೆ ಬಿದ್ದಿದ್ದರೆ ತಗಡು ಕತ್ತರಿಸುವ ಯಂತ್ರಕ್ಕೆ ಕೈ ಹೋಗುತ್ತಿತ್ತು ಎಂದು ಕರೆತಂದವರು ಹೇಳಿದರು. ಗಾಯ ತೊಳೆಯುವಾಗ ಅವನು ಹಲ್ಲು ಕಚ್ಚಿಕೊಂಡು, “ಅಯ್ಯೋ ಅವ್ವಾ, ಒಸಿ ನಿಧಾನ” ಅಂದ. ನನ್ನ ಕೈ ನಿಂತಿತು.

“ಯಾವೂರಪ್ಪ?”

ಅವನು ಕಣ್ಣು ಬಿಟ್ಟ. “ಗುಡೇಮಾರನಹಳ್ಳಿ ಕಣಕ್ಕ. ಮಾಗಡಿ ತಾಲ್ಲೂಕು. ಹನುಮಂತ ಅಂತ.”

ಹೊಲಿಗೆ ಮುಗಿಯುವವರೆಗೆ ಊರಿನ ಮಾತಾಡಿಸಿದೆ. ಆಮೇಲೆ ಕೇಳಿದೆ, “ಬೆಳಿಗ್ಗೆ ಏನ್ ತಿಂದ್ಕಂಡ್ ಬಂದೆ?”

“ಟೀ.”

“ರಾತ್ರಿ?”

“ಕುಬ್ಬೂಸು.” ಅದು ಅಲ್ಲಿನ ರೊಟ್ಟಿ.

“ಕುಬ್ಬೂಸಿಗೆ ಏನು?”

ಅವನು ಮುಖವನ್ನು ಆ ಕಡೆ ತಿರುಗಿಸಿದ. ನಾನು ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟ. ಕಂಪನಿ ಕೆಲಸಗಾರರ ಕ್ಯಾಂಪ್ ಮುಚ್ಚಿ, ಅದರ ಬದಲಿಗೆ ಕೈಗೆ ಹಣ ಕೊಟ್ಟು, ನೀವೇ ರೂಮು ಮಾಡಿಕೊಳ್ಳಿ ಎಂದಿತ್ತು. ಎಂಟು ಜನ ಸೇರಿ ಒಂದು ರೂಮು ಹಿಡಿದಿದ್ದರು. “ಎಲ್ರೂ ಸಂಬ್ಳ ಬಂದೇಟ್ಗೆ ಮೊದ್ಲು ಊರಿಗೆ ಕಳಿಸ್ಬುಡ್ತೀವಿ ಅಕ್ಕ. ಉಳಿದಿದ್ರಲ್ಲಿ ರೂಮು. ರೂಮಿಗೆ ಕೊಟ್ಟು ಉಳಿದಿದ್ರಲ್ಲಿ ಕರೆಂಟು. ಈ ಸಲ ಕರೆಂಟ್ ಬಿಲ್ಲು ಜಾಸ್ತಿ ಬಂದ್ಬುಡ್ತು. ಅದ್ಕೇ ಊಟದಲ್ಲಿ ಒಸಿ ಹಿಡಿದೀವಿ. ರಾತ್ರಿ ಎಸಿನೂ ಆಫ್ ಮಾಡ್ತೀವಿ.”

“ನಿದ್ದೆ ಬರ್ತದಾ?”

“ಎಲ್ಲಿ ಬಂದಾತು ಅಕ್ಕ?”

ಹಸಿದ ಹೊಟ್ಟೆ, ನಿದ್ದೆಯಿಲ್ಲದ ಕಣ್ಣು, ಎದುರಿಗೆ ವೆಲ್ಡಿಂಗ್ ಬೆಂಕಿ. ನಾವು ಡ್ರಿಪ್ ಹಾಕುತ್ತಿದ್ದೆವು.

ಗಾಯವಾದ ಜಾಗಕ್ಕೆ ಹೋಗಿ ನೋಡು ಎಂದಿದ್ದರು ರಂಗಸ್ವಾಮಿ ಡಾಕ್ಟರು. ಇವರ ಗಾಯ ಆದ ಜಾಗ ಕಾರ್ಖಾನೆಯಲ್ಲ, ರೂಮು. ಶುಕ್ರವಾರದ ರಜೆಯಲ್ಲಿ ಎಂಟೂ ಜನರನ್ನು ಕ್ಲಿನಿಕ್ಕಿನ ಹೊರಗಿನ ಬೆಂಚಿಗೆ ಬರಹೇಳಿದೆ. ಫರ್ಹಾನಾಳನ್ನೂ ಕರೆದುಕೊಂಡು ಹೋದೆ. ಎಲ್ಲರೂ ಗೃಹಸ್ಥರು, ಬಿಹಾರದವರು, ಆಂಧ್ರದವರು, ಇವನೊಬ್ಬ ನಮ್ಮವನು. ನಾನು ಹೇಳಿದ್ದು ಒಂದೇ ಮಾತು: ಖರ್ಚಿನ ಕ್ರಮ ಬದಲಿಸಿ. ಮೊದಲು ರೂಮು, ಆಮೇಲೆ ಕರೆಂಟು, ಆಮೇಲೆ ಊಟ, ಅದಾದ ಮೇಲೆ ಊರು.

ಹನುಮಂತನಿಗೆ ಕೋಪವೇ ಬಂತು. “ಊಟ ಮಾಡಕ್ಕೆ ಇಲ್ಲಿಗಂಟ ಬಂದಿದೀವಾ ಅಕ್ಕ? ಕುದೂರಲ್ಲಿ ವೆಲ್ಡಿಂಗ್ ಅಂಗ್ಡಿ ಇಡ್ಬೇಕು ಅಂತ ಬಂದಿದೀನಿ. ತಿಂಗ್ಳು ತಿಂಗ್ಳು ಕಮ್ಮಿ ಕಳಿಸಿದ್ರೆ ಅಂಗ್ಡಿ ಯಾವಾಗ?”

ನಾನು ಬಾಯಿ ತೆರೆಯುವ ಮುಂಚೆ ಫರ್ಹಾನಾ ಹೇಳಿದಳು, “ಅಣ್ಣಾ, ವೆಲ್ಡಿಂಗ್ ಕೈಯಲ್ಲಿ ತಾನೇ ಮಾಡದು? ಅವತ್ತು ಅದೇ ಕೈ ಹೋಗ್ಬುಟ್ಟಿದ್ರೆ ಅಂಗ್ಡಿ ಬಾಗ್ಲು ಯಾವ ಕೈಲಿ ತೆಗೀತಿದ್ದೆ?”

ಅವನು ಬ್ಯಾಂಡೇಜ್ ಸುತ್ತಿದ್ದ ಕೈಯನ್ನು ನೋಡಿಕೊಂಡ. ಅವತ್ತೇ ಎಂಟು ಜನರ ಅಡುಗೆಗೆ ಸರದಿ ಗೊತ್ತುಮಾಡಿದೆವು. ಅನ್ನ, ಬೇಳೆ, ಮೊಟ್ಟೆ, ಮೊಸರು. ಎಂಟು ಜನರಿಗೆ ಒಟ್ಟಿಗೆ ಬೇಯಿಸಿದರೆ ಹೊರಗಿನ ಟೀ-ಬಿಸ್ಕತ್ತಿನ ಖರ್ಚಿಗಿಂತ ಹೆಚ್ಚೇನೂ ಬೀಳಲಿಲ್ಲ.

ಡಾಕ್ಟರ್ ನಾದಿಯಾಗೆ ಸುದ್ದಿ ಹೋಯಿತು. ಕರೆಸಿದರು. “ನೀನು ನರ್ಸೋ, ಅಡುಗೆಯವಳೋ?” ನಾನು, ಅವರು ತಿಂದರೆ ಬೀಳುವುದಿಲ್ಲ ಡಾಕ್ಟರ್ ಅಂದೆ. ಅವರು ಹೋಗು ಎಂದು ಕೈ ಮಾಡಿದರು. ಎರಡು ತಿಂಗಳಲ್ಲಿ ಆ ರೂಮಿನವರು ಯಾರೂ ತಲೆಸುತ್ತೆಂದು ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಪರದೆಯಾಚೆ ಡಾಕ್ಟರ್ ನಾದಿಯಾ ಒಬ್ಬ ಕೆಲಸಗಾರನನ್ನು ತಮ್ಮ ಅರಬ್ಬಿ ಧಾಟಿಯ ಹಿಂದಿಯಲ್ಲಿ ಕೇಳುವುದು ಕೇಳಿಸಿತು. “ಕ್ಯಾ ಖಾಯಾ? ಕಿಧರ್ ಸೋಯಾ?” ಏನು ತಿಂದೆ, ಎಲ್ಲಿ ಮಲಗಿದೆ. ಆಮೇಲೆ ನಮ್ಮ ಕ್ಲಿನಿಕ್ಕಿನಲ್ಲಿ ನಾಡಿ ಹಿಡಿಯುವ ಮುಂಚೆ ಕೇಳುವ ಪ್ರಶ್ನೆಗಳು ಅವೇ ಆದವು. ತಮ್ಮ ರೀತಿಯನ್ನು ಒಬ್ಬ ನರ್ಸಿಗಾಗಿ ಬದಲಿಸಿಕೊಂಡ ಆ ಹೆಂಗಸಿಗೆ ನಾನು ಋಣಿ. ಹನುಮಂತ ಈಗ ಕುದೂರಿನಲ್ಲಿ ಗೇಟು, ಗ್ರಿಲ್ಲು ಮಾಡುತ್ತಾನೆ. ನಮ್ಮ ಮನೆಯ ಗೇಟು ಅವನದೇ.

ಹೀಗೆ ಎಲ್ಲ ಹಳಿಗೆ ಬಂತು ಎನ್ನುವಾಗ ಎರಡು ಸಾವಿರದ ಒಂಬತ್ತರ ಮುಗ್ಗಟ್ಟು ಬಂತು. ಕಟ್ಟಡಗಳ ಕೆಲಸ ಅರ್ಧಕ್ಕೆ ನಿಂತಿತು. ಕಬ್ಬಿಣಕ್ಕೆ ಗಿರಾಕಿ ಇಲ್ಲ. ನಮ್ಮ ಕಂಪನಿ ಕೆಲಸದಿಂದ ತೆಗೆಯಲಿಲ್ಲ, ಸಂಬಳವನ್ನು ಅರ್ಧ ಮಾಡಿತು. ನನಗೂ ಅರ್ಧ, ಸೂಸಮ್ಮನಿಗೂ ಅರ್ಧ. ಗ್ರೇಸ್ ಇದ್ದ ಕ್ಲಿನಿಕ್ ಮುಚ್ಚಿಯೇ ಹೋಯಿತು. ವೀಸಾ ರದ್ದಾಯಿತು, ಅವಳು ಊರಿಗೆ ಹೊರಡಲೇಬೇಕಾಯಿತು. ಆ ವರ್ಷದ ಕರಾರಿನ ಮೂರನೆಯ ಚೆಕ್ಕಿನ ತಾರೀಖು ಎದುರಿಗೇ ಇತ್ತು.

ಮನೆ ಬಿಡುವವರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ತರಬೇಕು, ಇಲ್ಲವೇ ಆ ಚೆಕ್ಕಿನ ಪಾಲು ಕೊಟ್ಟು ಹೋಗಬೇಕು ಎಂದು ನಾವೇ ಒಪ್ಪಂದ ಮಾಡಿಕೊಂಡಿದ್ದೆವು. ಕೆಲಸ ಕಳೆದುಕೊಂಡವಳ ಹತ್ತಿರ ಆ ಮಾತೆತ್ತಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಅವಳ ಊರಿನಲ್ಲಿ ಕಾಯಿಲೆಯ ತಾಯಿ ಇದ್ದಳು. “ನೀನು ಹೋಗು, ನಾವು ನೋಡಿಕೊಳ್ಳುತ್ತೇವೆ” ಎಂದು ವಿಮಾನ ನಿಲ್ದಾಣಕ್ಕೆ ಕಳಿಸಿಕೊಟ್ಟೆವು. ಸೂಸಮ್ಮ ಅವಳಿಗೆ ದಾರಿಗೆಂದು ಚಪಾತಿ ಸುತ್ತಿಕೊಟ್ಟಳು. ನೋಡಿಕೊಳ್ಳುತ್ತೇವೆ ಎಂದೆವು, ಹೇಗೆ ಎಂದು ಗೊತ್ತಿರಲಿಲ್ಲ.

ನನಗೆ ರಾತ್ರಿ ನಿದ್ದೆ ಹತ್ತದಾಯಿತು. ಸಹಿ ನನ್ನದು. ದೊಡ್ಡ ಮಗಳು ಆ ವರ್ಷ ಕಾಲೇಜಿಗೆ ಸೇರುವವಳು, ಅವಳನ್ನು ನೋಡಲು ರಜೆ ಕೇಳಿಕೊಂಡಿದ್ದೆ. ಚೆಕ್ ವಾಪಸಾದರೆ ವಿಮಾನ ನಿಲ್ದಾಣದಲ್ಲೇ ಹಿಡಿದುಕೊಳ್ಳುತ್ತಾರೆ. ಮನೆಗೆ ಫೋನ್ ಮಾಡಿ ನಿಂಗರಾಜು ಅವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು, “ಅಷ್ಟೇ ತಾನೇ? ನಾನು ಏನೋ ಅಂದ್ಕಂಡೆ. ಇಲ್ಲಿ ಗೂಡಿಗೆ ರೇಟು ಐತೆ, ಟೆಂಪೋಗೆ ಬಿಡುವಿಲ್ಲ. ಫೀಸು ನಾನ್ ಕಟ್ತೀನಿ. ಚೆಕ್ಕು ಮುಗಿಯೋಗಂಟ ನೀನು ಮನೆಗೆ ಒಂದ್ ರೂಪಾಯಿ ಕಳಿಸ್ಬ್ಯಾಡ ಕಣೇ. ಹೊಟ್ಟೆ ತುಂಬ ಉಣ್ಣು” ಅಂದರು. ಫೋನು ಇಟ್ಟು ಬಹಳ ಹೊತ್ತು ಅತ್ತೆ. ಅದು ದುಃಖದ ಅಳುವಲ್ಲ.

ತಾರೀಖಿಗೆ ಮುಂಚೆಯೇ ಮ್ಯಾನೇಜರನ್ನು ಕಂಡು ಇದ್ದ ವಿಷಯ ಹೇಳಬೇಕು ಎಂದು ಸೂಸಮ್ಮ ಅಂದಳು. “ಚೆಕ್ ಬ್ಯಾಂಕಿಗೆ ಹೋದ ಮೇಲೆ ಅಳುವುದಕ್ಕಿಂತ, ಹೋಗುವ ಮುಂಚೆ ಕೇಳುವುದು ಒಳ್ಳೆಯದು. ನನ್ನ ಅಣ್ಣ ಕೇಳಲಿಲ್ಲ, ಮುಖ ತಪ್ಪಿಸಿ ಓಡಾಡಿದ. ಅದಕ್ಕೇ ಕೆಟ್ಟ.” ಸಹಿ ಹಾಕುವುದಿಲ್ಲ ಎಂದಿದ್ದವಳು ಅವತ್ತು ತಾನೇ ಮುಂದಾಗಿ ಮೆಟ್ಟಿಲಿಳಿದಳು. ಮೂವರೂ ಇದ್ರೀಸ್ ಸಾಹೇಬರ ಮುಂದೆ ನಿಂತೆವು. ಸಂಬಳ ಅರ್ಧವಾಗಿದೆ, ಒಬ್ಬಳು ಹೋದಳು, ಅರ್ಧ ಹಣ ಈಗ ಕೊಡುತ್ತೇವೆ, ಉಳಿದದ್ದಕ್ಕೆ ಎರಡು ತಿಂಗಳು ಬೇಕು ಎಂದೆ.

ಅವರು ಕನ್ನಡಕ ತೆಗೆದು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. “ಈ ತಿಂಗಳು ಈ ಕಟ್ಟಡದಲ್ಲಿ ರಾತ್ರೋರಾತ್ರಿ ಬೀಗ ಹಾಕಿ ಓಡಿದವರೇ ಹೆಚ್ಚು. ನೀವು ಮೆಟ್ಟಿಲಿಳಿದು ಬಂದಿದ್ದೀರಿ. ಚೆಕ್ ನನ್ನ ಹತ್ತಿರವೇ ಇರುತ್ತದೆ, ಬ್ಯಾಂಕಿಗೆ ಹಾಕುವುದಿಲ್ಲ. ಉಳಿದ ಹಣವನ್ನು ಕಂತಿನಲ್ಲಿ ಕೊಡಿ” ಅಂದರು. ಹೊರಡಲು ತಿರುಗಿದಾಗ ಅವರು ಮತ್ತೆ ಕರೆದರು. “ಮೂರು ಪಾಲಿನ ಲೆಕ್ಕ ಹಾಕಿ, ನಾಲ್ಕಲ್ಲ. ಫಿಲಿಪೀನ್ಸಿನ ಸಿಸ್ಟರ್ ತನ್ನ ಪಾಲನ್ನು ಹೋಗುವ ಹಿಂದಿನ ದಿನವೇ ಇಲ್ಲಿ ಕೊಟ್ಟು ಹೋಗಿದ್ದಾಳೆ. ನಿಮಗೆ ಹೇಳಬೇಡಿ ಎಂದಿದ್ದಳು. ಹೇಳಿದರೆ ನೀವು ವಾಪಸ್ ಕೊಡಿಸುತ್ತೀರಂತೆ.”

ಕೆಲಸ ಹೋದಾಗ ಗ್ರೇಸಳ ಕೈಗೆ ಬಂದ ಕೊನೆಯ ಹಣ ಅದು. ಫೋನ್ ಮಾಡಿ ನಾನು ಗದರಿದೆ. ಗ್ರೇಸ್ ಮೆಲ್ಲಗೆ, “ಚೆಕ್ಕಿನ ಮೇಲೆ ನನ್ನ ಹೆಸರಿಲ್ಲ ಜಯಾ. ಹಾಗಂತ ಆ ಮನೆಯಲ್ಲಿ ನಾನು ಮಲಗಿಯೇ ಇರಲಿಲ್ಲವೇ?” ಅಂದಳು.

ಉಳಿದ ಕಂತುಗಳನ್ನು ತೀರಿಸಲು ಕಷ್ಟವಾಗಿತ್ತು. ಖಾಲಿ ಮಂಚಕ್ಕೆ ಒಬ್ಬರನ್ನು ಸೇರಿಸಿಕೊಂಡರೆ ಹೊರೆ ಇಳಿಯುತ್ತಿತ್ತು. ಫರ್ಹಾನಾಳ ಅಂಗಡಿಯ ಹುಡುಗಿಯೊಬ್ಬಳು ಮಂಚ ಕೇಳಿಕೊಂಡು ಬಂದಳು, ಹಣ ಮುಂಗಡ ಕೊಡುತ್ತೇನೆ ಎಂದಳು. ನಿಜ ಹೇಳಬೇಕೆಂದರೆ ನಾನೂ ಫರ್ಹಾನಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಲಿನ ಪುಡಿಯ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಆದರೆ ಮೂವರಲ್ಲಿ ಎಲ್ಲರಿಗಿಂತ ಬಿಗಿ ಕೈಯವಳಾದ ಸೂಸಮ್ಮ ಎದ್ದು ನಿಂತು, “ಆ ಮಂಚ ಖಾಲಿ ಇಲ್ಲ. ಈ ಚೆಕ್ ಮುಗಿಯುವವರೆಗೆ ಅದಕ್ಕೆ ಬಾಡಿಗೆ ಕೊಟ್ಟವಳು ಇದ್ದಾಳೆ” ಅಂದಳು. ಬಂದ ಹುಡುಗಿಗೆ ಟೀ ಕೊಟ್ಟು ಕಳಿಸಿದೆವು.

ಆ ದಿನಗಳಲ್ಲಿ ನಾವು ಬಸ್ಸಿನ ಖರ್ಚು ಉಳಿಸಲು ಕೆಲಸಕ್ಕೆ ನಡೆದುಹೋದೆವು, ರಜೆಯ ದಿನದ ಮೀನನ್ನು ಬಿಟ್ಟೆವು, ಊರಿಗೆ ಮಾಡುವ ಫೋನನ್ನು ಚುಟುಕು ಮಾಡಿದೆವು. ಊಟವನ್ನು ಮಾತ್ರ ಬಿಡಲಿಲ್ಲ. ಕೊನೆಯ ಕಂತು ಕೊಟ್ಟ ದಿನ ಇದ್ರೀಸ್ ಸಾಹೇಬರು ಚೆಕ್ಕನ್ನು ನನ್ನ ಕೈಗಿಟ್ಟು, “ಹರಿದುಹಾಕಿ ಸಿಸ್ಟರ್” ಅಂದರು. ಅಲ್ಲೇ ಹರಿದೆ. ಫರ್ಹಾನಾ ಚೂರುಗಳನ್ನು ಆರಿಸಿ ಕಸದ ಬುಟ್ಟಿಗೆ ಹಾಕಿದಳು.

ಅದಾಗಿ ಕೆಲವೇ ದಿನ. ಸಂಜೆ ನಾನು ಬೇಳೆ ತೊಳೆಯುತ್ತಿದ್ದೆ. ಯಾರೋ ಬಾಗಿಲು ಬಡಿದರು. ಫರ್ಹಾನಾ ಹೋಗಿ ತೆಗೆದವಳು ಕಿರುಚಿಕೊಂಡಳು. ಓಡಿ ಹೋಗಿ ನೋಡಿದರೆ ಹೊಸ್ತಿಲಲ್ಲಿ ಗ್ರೇಸ್, ಪಕ್ಕದಲ್ಲಿ ಪೆಟ್ಟಿಗೆ. ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಹೊಸ ವೀಸಾದ ಮೇಲೆ ಬಂದಿದ್ದಳು. ನಮಗೆ ತಿಳಿಸಿರಲಿಲ್ಲ. ಅವಳು ಒಳಗೆ ಕಾಲಿಡದೆ ನನ್ನ ಭುಜದ ಮೇಲಿಂದ ತನ್ನ ಕೋಣೆಯ ಕಡೆ ನೋಡಿದಳು.

“ನನ್ನ ಜಾಗಕ್ಕೆ ಹೊಸಬರು ಬಂದಿರಬೇಕಲ್ಲ? ಇವತ್ತೊಂದು ರಾತ್ರಿ ಹಾಲ್‌ನಲ್ಲಿ ಮಲಗಲೇ? ನಾಳೆ ಬೇರೆ ಕಡೆ ನೋಡಿಕೊಳ್ಳುತ್ತೇನೆ.”

ಕೋಣೆಯ ಒಳಗಿನಿಂದ ಸೂಸಮ್ಮನ ಧ್ವನಿ ಬಂತು, ಎಂದಿನ ಗಂಟುಮುಖದ ಧ್ವನಿಯೇ. “ಬಾಗಿಲಲ್ಲಿ ನಿಂತು ಏನು ಮಾತು? ನಿನ್ನ ಹಾಸಿಗೆಗೆ ವಾರ ವಾರವೂ ಒಗೆದ ಚಾದರ ಹಾಸುತ್ತಿದ್ದೇನೆ. ಕಾಲು ತೊಳೆದುಕೊಂಡು ಬಾ.”